ಕಲ್ಲು ಮುಟ್ಟದೆ ತಿರುಗಿದವಳು

ನನ್ನ ಮೊಮ್ಮಗಳು ವಿದ್ಯಾಶ್ರೀಯನ್ನು ಗೋಡೆ ಮುಟ್ಟಲಿಲ್ಲವೆಂದು ಈಜಿನ ಪಂದ್ಯದಿಂದ ಹೊರಗೆ ಹಾಕಿದರು. ಎಲ್ಲರಿಗಿಂತ ಮುಂದೆ ಬಂದಿದ್ದಳು. ಹೊರಗೆ ಹಾಕಿದವರೇ ಅದನ್ನು ಒಪ್ಪಿದರು. ಮುಂದೆ ಬಂದದ್ದು ಖರೆ, ಆದರೆ ಮುಟ್ಟಿಲ್ಲ, ಅದಕ್ಕೇ ಔಟು ಎಂದರು. ನನಗೆ ಎಪ್ಪತ್ತೊಂದು ವರ್ಷ. ಮುಟ್ಟಿದ್ದಕ್ಕೆ ಬೈಸಿಕೊಂಡು, ಹೊಡೆಸಿಕೊಂಡು ಬೆಳೆದ ಮಂದಿ ನಾವು. ಮುಟ್ಟದಿದ್ದದ್ದಕ್ಕೂ ತಪ್ಪು ಹೊರಿಸುತ್ತಾರೆಂದು ಆವತ್ತೇ ಮೊದಲ ಸಲ ಕೇಳಿದ್ದು.

ವಿದ್ಯಾಶ್ರೀ ನನ್ನ ಮಗ ಮೈಲಾರಿಯ ಮಗಳು. ಹತ್ತನೆಯ ಇಯತ್ತೆಯಲ್ಲಿದ್ದಾಳೆ. ನಮ್ಮದು ಹಂಸಭಾವಿಯಿಂದ ನಡೆದುಹೋಗುವಷ್ಟು ದೂರದ ಸಣ್ಣ ಊರು. ನೆಲದ ಮೇಲೆ ಈ ಹುಡುಗಿ ಯಾರ ಕಣ್ಣಿಗೂ ಬೀಳುವವಳಲ್ಲ. ಮಾತು ಕಡಿಮೆ, ನಡಿಗೆ ನಿಧಾನ, ಕರೆದರೆ ಎರಡನೇ ಸಲಕ್ಕೆ ಓಗೊಡುತ್ತಾಳೆ. ಅವಳ ಅವ್ವ ಜಯಾ ಅವಳನ್ನು ಎಮ್ಮೆ ಎಂದೇ ಬೈಯುತ್ತಾಳೆ. ಬೈಯಲಿ. ಎಮ್ಮೆಯನ್ನು ನೋಡಬೇಕಾದದ್ದು ಅದು ನೀರಿಗೆ ಇಳಿದ ಮೇಲೆ. ಉದ್ದ ಕೈ, ಅಗಲ ಪಾದ. ಆ ಪಾದ ನನ್ನ ಯಜಮಾನರದು, ಅಚ್ಚು ತೆಗೆದ ಹಾಗೆ.

ಅವರ ಹೆಸರು ಉಡಚಪ್ಪ. ತೀರಿಕೊಂಡು ನಾಲ್ಕು ವರ್ಷವಾಯಿತು. ಸುತ್ತಲಿನ ಊರುಗಳಲ್ಲಿ ಬಾವಿಗೆ ಕೊಡ ಬಿದ್ದು, ಪಾತಾಳಗರಡಿ ಬಿಟ್ಟರೂ ಸಿಗದಿದ್ದರೆ ಅವರಿಗೆ ಹೇಳಿಕಳಿಸುತ್ತಿದ್ದರು. ಮನುಷ್ಯರು ಬಿದ್ದರೂ ಅವರಿಗೇ. ಉಸಿರು ಹಿಡಿದು ಮುಳುಗಿ, ತಳದ ಕೆಸರಿನಲ್ಲಿ ಕೈಯಾಡಿಸಿ, ಏನಿದೆಯೋ ಅದನ್ನು ತೆಗೆದುಕೊಂಡು ಬರುತ್ತಿದ್ದರು. ತಂದುಕೊಟ್ಟ ಮೇಲೆ, "ಸರಿ, ಆಚೆ ಸರದು ನಿಂದರು" ಎಂಬ ಮಾತು. ಹೊಟ್ಟೆಗೆ ಹಾಕಿದರೆ ಅದೂ ಮೇಲಿಂದ ಎತ್ತಿ ಹಾಕಿದ್ದು.

ವಿದ್ಯಾ ಆರು ವರ್ಷದವಳಿದ್ದಾಗ ಅವಳ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬ ಕಟ್ಟಿ ನೀರಿಗೆ ಬಿಟ್ಟವರು ಅವರೇ. ಊರ ಹೊರಗಿನ ಗೌಡರ ಬಾವಿ ಅದು. ಬೋರು ಬಂದ ಮೇಲೆ ಅದರ ನೀರನ್ನು ಯಾರೂ ಕುಡಿಯುವುದಿಲ್ಲ. ಹೀಗಾಗಿ ಈಗ ಅಲ್ಲಿ ಯಾರು ಇಳಿದರೂ ಕೇಳುವವರಿಲ್ಲ. ಚೌಕ ಬಾವಿ, ಆರೇಳು ಮಾರು ಅಗಲ, ಒಂದು ಮಗ್ಗುಲಿಗೆ ಮೆಟ್ಟಿಲು. ಕೂಸು ಈ ದಂಡೆಯಿಂದ ಆ ದಂಡೆಗೆ ಹೋಗಬೇಕು, ತಿರುಗಿ ಬರಬೇಕು. ಅಜ್ಜ ಮೆಟ್ಟಿಲ ಮೇಲೆ ಕುಳಿತು ಒಂದೇ ಮಾತು ಹೇಳುತ್ತಿದ್ದರು.

"ಕಲ್ಲು ಮುಟ್ಟಬ್ಯಾಡ. ಗೇಣು ದೂರ ಇರೂವಾಗನ ಮೈ ಹೊಳ್ಳಸು."

"ಮುಟ್ಟಿದ್ರ ಏನಾಕ್ಕೈತಿ ಅಜ್ಜ?"

"ಮೀನು ಎಂದಾರ ಗ್ವಾಡಿಗೆ ಹಣಿ ಬಡಕೊಂಡಿದ್ದು ನೋಡಿಯೇನು? ನೀ ಮೀನ ಹೌದೋ ಅಲ್ಲೋ?"

ಕೂಸು ನಕ್ಕು ಮೀನಾಗುತ್ತಿತ್ತು. ಹತ್ತು ವರ್ಷ ತುಂಬುವುದರೊಳಗೆ, ಕಲ್ಲಿನ ಮೇಲಿನ ಪಾಚಿಯೂ ಅಲುಗದ ಹಾಗೆ ಒಂದು ಗೇಣು ಅಂತರದಲ್ಲಿ ಮೈ ಮಗುಚಿ ತಿರುಗುವುದನ್ನು ಕಲಿತಳು. ಮೀನಿನ ಮಾತು ಮೀನಿನದಲ್ಲ, ಅದರ ಹಿಂದೆ ಬೇರೆ ಕತೆ ಇದೆ ಎಂದು ನನಗೆ ಗೊತ್ತಿತ್ತು. ಯಜಮಾನರೇ ಹೇಳದಿದ್ದಾಗ ನಾನ್ಯಾಕೆ ಬಾಯಿ ಬಿಡಲಿ ಎಂದು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಈಗ ನನ್ನ ಮೇಲೂ ಸಿಟ್ಟಿದೆ.

ಈ ವರ್ಷ ಆಷಾಢದಲ್ಲಿ ಕೂಟಗಳ ಹಂಗಾಮು ಸುರುವಾಯಿತು. ಮೊದಲು ತಾಲ್ಲೂಕು, ಅಲ್ಲಿ ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ. ವಿಭಾಗದ ತನಕ ಹೋದವರಲ್ಲಿ ಕ್ರೀಡಾ ಹಾಸ್ಟೆಲಿಗೆ ಆರಿಸುತ್ತಾರೆ. ಊಟ, ಓದು, ಕಲಿಸುವವರು ಎಲ್ಲ ಅಲ್ಲಿಯೇ. ಅದಾಗದಿದ್ದರೆ, ಹತ್ತನೆಯದು ಮುಗಿದ ಮೇಲೆ ಓದು ಬಿಡಿಸಿ, ಮುಂದೆ ಶಿಗ್ಗಾಂವಿಯ ಕಡೆ ಅಂಗಿ ಹೊಲಿಯುವ ಕೆಲಸಕ್ಕೆ ಹಚ್ಚುವುದೆಂದು ಮೈಲಾರಿ ಹೇಳಿಬಿಟ್ಟಿದ್ದ. ಹುಡುಗಿಯ ಕೈಯಲ್ಲಿದ್ದದ್ದು ಈ ಒಂದೇ ಹಂಗಾಮು.

ತಾಲ್ಲೂಕಿನ ಕೂಟದಲ್ಲಿ ನೀರೇ ಇರಲಿಲ್ಲ. ಬಯಲಿನಲ್ಲಿ ಕಬಡ್ಡಿ, ಖೋಖೋ ನಡೆದಿತ್ತು. ಈಜಿಗೆಂದು ಹೆಸರು ಕೊಟ್ಟ ಹುಡುಗಿಯರು ಮೂವರು ಒಂದು ಗಿಡದ ನೆರಳಿಗೆ ನಿಂತಿದ್ದರು. ಕೊಳ ಎಲ್ಲಿ ಎಂದು ನಾನು ಕೇಳಿದರೆ, ವಿದ್ಯಾಳ ಸಾಲೆಯ ಆಟದ ಮಾಸ್ತರ ಶಂಕ್ರಪ್ಪನವರು ತಲೆ ಕೆರೆದುಕೊಂಡರು.

"ಕೊಳ ಇಲ್ಲವ್ವ. ಕೆರಿಗೆ ಇಳಸಾಕ ಪರ್ಮಿಶನ್ ಇಲ್ಲ. ಮೂರೂ ಮಂದೀನ ಓಡಸ್ತೇವಿ. ಮುಂದ ಬಂದಾಕಿ ಜಿಲ್ಲಾಕ್ಕ."

"ಓಡಿದ್ರ ಈಜಿದಂಗ ಹೆಂಗಾಕ್ಕೈತ್ರಿ ಮಾಸ್ತರ?"

"ಎರಡಕ್ಕೂ ದಮ್ಮ ಬೇಕಲ್ಲಬೇ."

ಓಡಿಸಿದರು. ವಿದ್ಯಾ ಎರಡನೆಯವಳಾದಳು. ಮೊದಲು ಬಂದ ಹುಡುಗಿಯೇ ದೊಡ್ಡ ಮನಸ್ಸು ಮಾಡಿದಳು. "ಸರ, ನನಗ ಈಜಾಕ ಬರೂದಿಲ್ರಿ. ಖೋಖೋದಾಗ ಸೇರಿಸ್ಕೊಳ್ಳಲಿಲ್ಲ, ಅದಕ ಇದಕ್ಕ ಹೆಸರ ಬರಸಿದೆ" ಎಂದಳು. ಹೀಗೆ ನನ್ನ ಮೊಮ್ಮಗಳು ಮೈ ಒದ್ದೆಯಾಗದೆ ತಾಲ್ಲೂಕಿಗೆ ಮೊದಲಿಗಳಾದಳು. ನೂರು ಮೀಟರು ಈಜಿನಲ್ಲಿ ಪ್ರಥಮ ಎಂದು ಸರ್ಟಿಫಿಕೇಟು ಕೊಟ್ಟರು. ಮನೆಗೆ ಬಂದ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಕೇರಿಗೆ ನಳ ಬಂದದ್ದೂ ಹೀಗೆಯೇ. ಕಾಗದದಲ್ಲಿ ನೀರು ಹರಿದು ಆರು ವರ್ಷದ ಮೇಲೆ ನಳದಲ್ಲಿ ಹರಿಯಿತು.

ಜಿಲ್ಲೆಯ ಕೂಟ ಶ್ರಾವಣದಲ್ಲಿ. ಬಂಕಾಪುರದ ಆಚೆ ಹೆದ್ದಾರಿ ಪಕ್ಕದ ಒಂದು ದೊಡ್ಡ ಖಾಸಗಿ ಸಾಲೆಯ ಕೊಳದಲ್ಲಿ ಇಟ್ಟಿದ್ದರು. ಮೈಲಾರಿಗೆ ಗೌಂಡಿ ಕೆಲಸ ಬಿಡಲು ಆಗಲಿಲ್ಲ, ನಾನೇ ಜೊತೆಗೆ ಹೋದೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ದಾರಿಯಲ್ಲಿ ಶಂಕ್ರಪ್ಪ ಮಾಸ್ತರರು ಹೇಳಿಕೊಟ್ಟದ್ದು ಇಷ್ಟೇ: "ಸೀಟಿ ಊದಿದ ಕೂಡಲೆ ಜಿಗಿ. ಎರಡು ಸಲ ಹೋಗು, ಎರಡು ಸಲ ಬಾ. ಅಷ್ಟ." ಅವರಾದರೂ ಕೊಳ ನೋಡಿದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು.

ವಿದ್ಯಾ ಕೊಳದ ದಂಡೆಗೆ ನಿಂತು ನೀರು ನೋಡಿದವಳೇ ಹಿಂದೆ ಸರಿದಳು.

"ಆಯಿ, ತಳಾ ಕಾಣತೈತಿ."

ನಮ್ಮ ಬಾವಿಗೆ ತಳವಿಲ್ಲ. ಇದ್ದರೂ ಯಾರಿಗೂ ಕಾಣುವುದಿಲ್ಲ, ಕಾಣದ್ದಕ್ಕೆ ಹೆದರಿಕೆಯಿಲ್ಲ. ಇಲ್ಲಿ ನೀಲಿ ಬಿಲ್ಲೆ ಹಾಸಿದ ತಳ, ಬ್ಲೀಚಿಂಗ್ ಪೌಡರಿನ ಘಾಟು. ಉಳಿದ ಹುಡುಗಿಯರು ಮೈಗೆ ಅಂಟಿದ ಉಡುಪು, ತಲೆಗೆ ರಬ್ಬರಿನ ಟೊಪ್ಪಿಗೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೈ ಬೀಸುತ್ತಿದ್ದರು. ನಮ್ಮವಳಿಗೆ ಸಾಲೆಯ ಕಬಡ್ಡಿ ಚಡ್ಡಿ, ಒಂದು ಬಿಗಿ ಬನಿಯನ್ನು. ಜಡೆಯನ್ನು ನಾನೇ ನೆತ್ತಿಗೆ ಸುತ್ತಿ ದಾರ ಬಿಗಿದೆ.

ನನ್ನ ಪಕ್ಕ ಕುಳಿತ ಒಬ್ಬಾಕೆ ಕೇಳಿದಳು. "ನಿಮ್ಮಾಕಿ ಯಾರ ಕಡೆ ಕಲತಾಳ್ರಿ?"

"ಅವರಜ್ಜನ ಕಡೆ."

"ಯಾವ ಪೂಲಿನ್ಯಾಗ?"

"ಬಾವ್ಯಾಗ."

ಆಕೆ ಆಚೆ ಕುಳಿತವಳ ಕಡೆ ವಾಲಿ, "ಬಾವ್ಯಾಗಿನ ಕಪ್ಪಿ ಬಂದೈತಂತ ನೋಡವಾ" ಎಂದಳು. ನನಗೆ ಕೇಳಲೆಂದೇ ಹೇಳಿದ್ದು.

"ಕಪ್ಪಿಗೆ ಯಾರೂ ಫೀಸು ಕೊಟ್ಟು ಕಲಸೂದಿಲ್ರಿ," ಎಂದೆ. "ಆದರೂ ಮುಳುಗಿದ್ದು ನಾ ನೋಡಿಲ್ಲ."

ಸೀಟಿ ಊದಿದರು. ಆರು ಹುಡುಗಿಯರು ಜಿಗಿದರು. ನಮ್ಮವಳು ಬಾವಿಗೆ ಜಿಗಿದ ಹಾಗೆ ಕಾಲು ಮುಂದೆ ಮಾಡಿ ಜಿಗಿದಳು, ಅಲ್ಲಿಯೇ ಒಂದು ಮಾರು ಹಿಂದೆ ಬಿದ್ದಳು. ಅದಾದ ಮೇಲೆ ಆ ಉದ್ದ ಕೈ ಬೀಸಿದಳು ನೋಡಿ, ಆಚೆ ದಂಡೆಗೆ ಹೋಗುವಷ್ಟರಲ್ಲಿ ಎಲ್ಲರ ಸಮ ಬಂದಿದ್ದಳು. ಅಲ್ಲಿ ಉಳಿದ ಐವರು ಗೋಡೆಗೆ ಕಾಲು ಕೊಟ್ಟು ಒದ್ದು ಬಾಣದ ಹಾಗೆ ಹೊರಟರು. ವಿದ್ಯಾ ಅಜ್ಜ ಕಲಿಸಿದಂತೆ ಒಂದು ಗೇಣು ದೂರದಲ್ಲಿ ಮೈ ಮಗುಚಿ ತಿರುಗಿದಳು. ಮತ್ತೆ ಹಿಂದೆ. ಮತ್ತೆ ಕೈ ಬೀಸಿ ಸಮ. ಮೂರು ತಿರುವಿನಲ್ಲೂ ಹೀಗೆಯೇ ಆಯಿತು. ಅವರು ಗೋಡೆಯಿಂದ ಪಡೆದದ್ದನ್ನು ಇವಳು ಪ್ರತಿ ಸಲ ಬರೀ ಕೈಯಿಂದ ತುಂಬಿಕೊಂಡಳು. ಕೊನೆಯ ಸುತ್ತಿನಲ್ಲಿ ಎಲ್ಲರನ್ನೂ ದಾಟಿದಳು. ಒಂದು ಆಳಿನಷ್ಟು ಮುಂದೆ.

ದಂಡೆಗೆ ಬಂದಳು. ಬಂದು, ಗೋಡೆಗೆ ಒಂದು ಗೇಣು ಇರುವಾಗ ನಿಂತುಬಿಟ್ಟಳು.

ನೀರಿನಲ್ಲಿ ಕೈಕಾಲು ಆಡಿಸುತ್ತ, ತಲೆ ಎತ್ತಿ, ಗೆದ್ದೆನಲ್ಲ ಎಂದು ನನ್ನ ಕಡೆ ನೋಡುತ್ತಿದ್ದಳು. ದಂಡೆಯ ಮೇಲೆ ಗಡಿಯಾರ ಹಿಡಿದು ಬಗ್ಗಿದ್ದವನು, "ಮುಟ್ಟು, ಏ ಹುಡುಗಿ, ಮುಟ್ಟು" ಎಂದು ಕೂಗುತ್ತಿದ್ದ. ಮಾಸ್ತರರೂ ಕೂಗಿದರು. ನನಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಹಿಂದಿನ ಹುಡುಗಿ ಬಂದು ಗೋಡೆಗೆ ಕೈ ಬಡಿದಳು. ಗಡಿಯಾರ ಅವಳಿಗೆ ನಿಂತಿತು.

ಸೀಟಿ ಕೊರಳಿಗೆ ಹಾಕಿಕೊಂಡ ಸಾಹೇಬರ ಹತ್ತಿರ ಹೋದೆ.

"ಸಾಹೇಬ್ರ, ಆಕಿ ಎಲ್ಲಾರಿಗಿಂತ ಮುಂದ ಬಂದ್ಲಲ್ರಿ."

"ಬಂದ್ಲವ್ವ. ಮುಟ್ಟಲಿಲ್ಲ. ಹೊಳ್ಳೂವಾಗೂ ಮುಟ್ಟಿಲ್ಲ, ಮುಗಸೂವಾಗೂ ಮುಟ್ಟಿಲ್ಲ. ಔಟ್."

"ಗೇಣು ದೂರ ಇದ್ಲ್ರಿ. ಅಷ್ಟಕ್ಕ ಏನ್ ಕಮ್ಮಿ ಆತು?"

"ರೂಲ್ಸು ರೂಲ್ಸು. ಗ್ವಾಡಿ ಮುಟ್ಟಾಕ ಏನ್ ಕಷ್ಟ ಇತ್ತು ಆಕಿಗೆ? ಏನ್ ಗ್ವಾಡಿ ಕಚ್ಚತಿತ್ತೇನು?"

ಸುತ್ತ ನಿಂತವರು ನಕ್ಕರು. ಕಚ್ಚುತ್ತಿತ್ತು ಸಾಹೇಬರೇ, ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹುಡುಗಿ ಟವಲು ಹೊದ್ದು ನಡುಗುತ್ತ ಪಕ್ಕದಲ್ಲಿಯೇ ನಿಂತಿದ್ದಳು, ಅವಳಿಗೆ ಆ ಕತೆ ಗೊತ್ತಿರಲಿಲ್ಲ. ನುಂಗಿದೆ. ನುಂಗಿದ್ದು ಇವತ್ತಿಗೂ ಎದೆಯಲ್ಲಿ ನಿಂತಿದೆ.

ಗೇಟಿನ ಹತ್ತಿರ ಕೊಳ ತೊಳೆಯುವವನು ನಮ್ಮನ್ನು ತಡೆದ. ಸವಣೂರಿನವನಂತೆ, ಅಲ್ಲಾಭಕ್ಷ ಎಂದು ಹೆಸರು, ಕೈಯೆಲ್ಲ ಪೌಡರು.

"ದೊಡ್ಡವ್ವ, ಹನ್ನೊಂದು ವರ್ಷ ಆತು ಈ ನೀರು ಕಾಯಾಕತ್ತಿ. ಗ್ವಾಡಿ ಒದೀದನ ಗೆದ್ದಾಕೀನ ನಾ ನೋಡೇ ಇಲ್ಲ. ಒಂದೊಂದು ಒದಿಕಿಗೆ ಎರಡೆರಡು ಮಾರು ಪುಕ್ಕಟ ಸಿಗತಾವ. ಈಕಿ ಒಂದೂ ತಗೊಂಡಿಲ್ಲ." ಆಮೇಲೆ ವಿದ್ಯಾಳ ಕಡೆ ತಿರುಗಿದ. "ದಸರಾ ಕೂಟ ಇದ ಕೊಳದಾಗ ಐತವ್ವ, ಯಾರ ಬೇಕಾದ್ರೂ ಹೆಸರ ಕೊಡಬಹುದು. ಅದರಾಗ ಮೊದಲನ ಇಬ್ಬರನ್ನ ವಿಭಾಗಕ್ಕ ಕಳಸ್ತಾರ. ಗ್ವಾಡಿ ಮುಟ್ಟೂದು ಕಲ್ತ ಬಾ."

ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಎರಡನೇ ಬಸ್ಸಿಗೆ ಕಾಯುತ್ತ ಕುಳಿತಿದ್ದೆವು. ಮಾಸ್ತರರು ಚಹಾ ಕುಡಿಯಲು ಹೋಗಿದ್ದರು. ಹುಡುಗಿ ಆಗ ಕೇಳಿದಳು.

"ಆಯಿ, ಅಜ್ಜ ನನಗ ಯಾಕ ಹಂಗ ಕಲಿಸಿದ?"

ಹೇಳಿಬಿಟ್ಟೆ.

ಯಜಮಾನರಿಗೆ ಹನ್ನೆರಡು ವರ್ಷವಿದ್ದಾಗ ಅದೇ ಗೌಡರ ಬಾವಿಗೆ ತಾಮ್ರದ ಕೊಡ ಬಿದ್ದಿತ್ತು. ಮೆಟ್ಟಿಲು ತುಳಿಯುವ ಹಾಗಿಲ್ಲವೆಂದು ಇವರ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಿನಿಂದ ಇಳಿಸಿದರು. ಕೊಡ ಮುಟ್ಟು, ಕಲ್ಲು ಮುಟ್ಟಬೇಡ ಎಂದರು. ಕೊಡಕ್ಕೆ ಹುಣಸೆಹಣ್ಣು ಹಚ್ಚಿ ಬೆಂಕಿ ತೋರಿಸಿದರೆ ಮೈಲಿಗೆ ಹೋಯಿತು, ನೀರನ್ನು ನೂರು ಕೊಡ ಎತ್ತಿ ಚೆಲ್ಲಿದರೆ ಹೊಸ ನೀರು ಬರುತ್ತದೆ, ಕಲ್ಲನ್ನು ಏನು ಮಾಡುವುದು? ಗೌಡರ ಮನೆಯವರ ಲೆಕ್ಕ ಅದು. ಎರಡನೇ ಸಲ ಮುಳುಗಿ ಎದ್ದಾಗ ದಮ್ಮು ಕಟ್ಟಿ, ಈ ಹುಡುಗ ಒಂದು ಕೈ ಕಲ್ಲಿಗೆ ಊರಿದ. ಮೇಲಿದ್ದವರು ಹಗ್ಗವನ್ನು ಸಡಿಲ ಬಿಟ್ಟು ನಿಂತರು. ಕೈ ತೆಗೆಯುವ ತನಕ ಎಳೆಯಲಿಲ್ಲ. ತೆಗೆದ ಮೇಲೂ ಬುದ್ಧಿ ಬರಲೆಂದು ಎಷ್ಟೋ ಹೊತ್ತು ಎಳೆಯಲಿಲ್ಲ. ಅವತ್ತು ನಾಲ್ಕೂ ಕಡೆ ಕಲ್ಲಿದ್ದ ಬಾವಿಯಲ್ಲಿ, ಯಾವ ಕಲ್ಲನ್ನೂ ಮುಟ್ಟದೆ ತೇಲುವುದನ್ನು, ತಿರುಗುವುದನ್ನು ಅವರು ಕಲಿತರು. ಅದನ್ನೇ ಮೊಮ್ಮಗಳಿಗೆ ಮೀನಿನ ಆಟ ಎಂದು ಕಲಿಸಿದರು.

ವಿದ್ಯಾ ಎಲ್ಲ ಕೇಳಿದಳು. ಅಳಲಿಲ್ಲ.

"ಹಂಗಾರ ಅಜ್ಜ ನನಗ ಈಜು ಕಲಸಲಿಲ್ಲ," ಎಂದಳು. "ಹೆದರಿಕಿ ಕಲಿಸಿದ."

ಕಪಾಳಕ್ಕೆ ಕೊಡಲು ಕೈ ಎತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಮಂದಿ ಇದ್ದರು, ಇಳಿಸಿದೆ. "ಆ ಹೆದರಿಕಿ ಕಲತಿದ್ದಕ್ಕ ಅವ ಬದುಕಿದ. ಅವ ಬದುಕಿದ್ದಕ್ಕ ನೀ ಇದ್ದಿ. ನಾಲಿಗಿ ಬಿಗಿ ಹಿಡಿ," ಎಂದೆ. ಊರು ಬರುವ ತನಕ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕುಳಿತಳು.

ಎಂಟು ದಿನ ಬಾವಿಯ ಕಡೆ ಹೋಗಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ, ಆಡಿಗೆ ಹುಲ್ಲು ತಂದು ಹಾಕಿದವಳು, "ಆಯಿ, ಬಾ" ಎಂದಳು.

ಮುಟ್ಟುವುದನ್ನು ಕಲಿಸುವುದು ಸುಲಭ ಎಂದು ತಿಳಿದಿದ್ದೆ. ಆಗಲಿಲ್ಲ. ಅವಳ ಮನಸ್ಸು ಮುಟ್ಟಬೇಕೆಂದರೂ ಕೈ ಕೇಳಲಿಲ್ಲ. ಕಲ್ಲು ಹತ್ತಿರ ಬಂದ ಕೂಡಲೆ ಬೆಂಕಿ ಕಂಡಂತೆ ತಾನೇ ಹಿಂದೆ ಸರಿಯುತ್ತಿತ್ತು. ಹತ್ತು ವರ್ಷದ ರೂಢಿ. ನಾನು ಸೀರೆ ಎತ್ತಿ ಕಟ್ಟಿ, ನೀರಿಗೆ ತಾಗಿದ ಕೊನೆಯ ಮೆಟ್ಟಿಲ ಮೇಲೆ ಕುಳಿತು, ಅವಳು ಆ ದಂಡೆಗೆ ಹೋದಾಗಲೆಲ್ಲ "ಮುಟ್ಟು" ಎಂದು ಕೂಗುತ್ತಿದ್ದೆ. ಈ ದಂಡೆಗೆ ಬಂದಾಗ ಮೆಟ್ಟಿಲ ಕಲ್ಲಿನ ಮೇಲೆ ನನ್ನ ಅಂಗೈ ಇಟ್ಟು, "ನನ್ನ ಕೈ ಬಡಿ" ಎನ್ನುತ್ತಿದ್ದೆ. ನನ್ನ ಕೈ ಬಡಿಯುತ್ತಿದ್ದಳು. ಕೈ ತೆಗೆದರೆ ಕಲ್ಲು ಬಡಿಯುತ್ತಿರಲಿಲ್ಲ. ಹದಿನೈದು ದಿನ ಹೀಗೆಯೇ ಹೋಯಿತು. ನನ್ನ ಬೆರಳು ಬಾತುಕೊಂಡು ರೊಟ್ಟಿ ಬಡಿಯಲು ಬಾರದಂತಾದವು.

ಒಂದು ದಿನ ಗೌಡರ ಮನೆಯ ಫಕ್ಕೀರಗೌಡರು ಹೊಲಕ್ಕೆ ಹೋಗುತ್ತಿದ್ದವರು ಬಾವಿಯೊಳಗೆ ಇಣುಕಿದರು. ಹಗ್ಗ ಸಡಿಲ ಬಿಟ್ಟವರ ಮಗ. ನನ್ನದೇ ವಾರಿಗೆ.

"ಏನ್ ಶೇಖವ್ವ, ಮುಟ್ಟು ಮುಟ್ಟು ಅಂತ ಒದರಾಕತ್ತಿ. ಏನ್ ಮುಟ್ಟಸಾಕತ್ತಿ?"

"ನಿಮ್ಮ ಬಾವಿ, ಗೌಡ್ರ."

ಅವರು ನಕ್ಕರು. "ಮುಟ್ಟಲೇಳ. ಈಗ ಯಾರ ಬ್ಯಾಡ ಅಂತಾರ?"

"ಈಗ ನೀವು ಇದರ ನೀರ ಕುಡ್ಯೂದಿಲ್ಲ. ಅದಕ ಬ್ಯಾಡ ಅನ್ನೂದಿಲ್ಲ."

ಗೌಡರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ನಾನು ಕೆಳಗೆ ತಿರುಗಿ ನೋಡುವಾಗ ವಿದ್ಯಾ ನೀರಿನ ನಡುವೆ ತೇಲುತ್ತ ಅವರು ನಿಂತಿದ್ದ ಜಾಗವನ್ನೇ ನೋಡುತ್ತಿದ್ದಳು. ಹಗ್ಗ ಇಳಿಸಿದ್ದೂ ಅದೇ ಜಾಗದಿಂದ. ಅಲ್ಲಿಂದ ಒಂದೇ ದಮ್ಮಿಗೆ ಆ ದಂಡೆಗೆ ಹೋದಳು. ಅಂಗೈಯಿಂದ ಕಲ್ಲಿಗೆ ಬಡಿದ ಸಪ್ಪಳ ಬಾವಿಯ ನಾಲ್ಕೂ ಕಡೆ ಬಡಿದು ಬಂತು. ಪಾಚಿ ಕಿತ್ತು ನೀರಿನ ಮೇಲೆ ತೇಲಿತು. ಮೈ ಮಗುಚಿ, ಎರಡೂ ಪಾದ ಕಲ್ಲಿಗೆ ಕೊಟ್ಟು ಒದ್ದಳು. ಅರ್ಧ ಬಾವಿ ದಾಟಿದ ಮೇಲೆಯೇ ಅವಳು ಕೈ ಎತ್ತಿದ್ದು.

ದಸರೆಯ ಕೂಟಕ್ಕೆ ಹೋದಾಗ ಬಂಕಾಪುರದ ಕೋಟೆಯ ನವಿಲುಗಳು ಕೂಗುತ್ತಿದ್ದವು, ಅದೇ ಸಾಹೇಬರು ಅದೇ ಸೀಟಿ ಹಾಕಿಕೊಂಡಿದ್ದರು. ಶಂಕ್ರಪ್ಪ ಮಾಸ್ತರರು ಈ ಸಲ ತಮ್ಮ ಪರಿಚಯದವರ ಹತ್ತಿರ ಬೇಡಿ ಉಡುಪು, ಟೊಪ್ಪಿಗೆ ತಂದಿದ್ದರು. ಅದಕ್ಕೆ ಅವರನ್ನು ಅರ್ಧ ಕ್ಷಮಿಸಿದ್ದೇನೆ. ಜಿಗಿಯುವುದನ್ನು ಅಲ್ಲಾಭಕ್ಷ ಬೆಳಿಗ್ಗೆ ಬೇಗ ಬರಲು ಹೇಳಿ ಎರಡು ಸಲ ತೋರಿಸಿದ್ದ. ಎರಡು ಸಲಕ್ಕೆ ಅದು ಬರುವ ವಿದ್ಯೆಯಲ್ಲ. ಈ ಸಲ ವಯಸ್ಸಿನ ಕಟ್ಟಿಲ್ಲ, ಕಾಲೇಜಿನ ದೊಡ್ಡ ಹುಡುಗಿಯರೂ ಇದ್ದರು. ಜಿಗಿತದಲ್ಲಿ ಮತ್ತೆ ಹಿಂದೆ ಬಿದ್ದಳು. ಮೊದಲ ಗೋಡೆ ಬಂತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಬಡಿದಳು. ಕೊಳದ ಆಚೆ ದಂಡೆಯಲ್ಲಿ ಕುಳಿತ ನನಗೆ ಕೇಳಿತು. ಎರಡನೆಯದಕ್ಕೂ ಬಡಿದಳು, ಮೂರನೆಯದಕ್ಕೂ. ಪ್ರತಿ ಸಲ ಗೋಡೆ ಅವಳನ್ನು ದೂಡಿ ಕೊಟ್ಟಿತು. ಕೊನೆಗೆ ಒಬ್ಬ ಕಾಲೇಜು ಹುಡುಗಿಗಿಂತ ಒಂದು ಕೈಯಳತೆ ಹಿಂದೆ, ಎರಡನೆಯವಳಾಗಿ ಬಂದು, ಗೋಡೆಗೆ ಹೊಡೆದಳು.

ಸಾಹೇಬರು ಬಗ್ಗಿ ಅವಳಿಗೆ ಹೇಳಿದರು. "ಅಷ್ಟ ಜೋರ ಯಾಕ ಬಡಿತೀ ಹುಚ್ಚಿ? ಬೆರಳ ತಾಕಿದ್ರ ಸಾಕು."

ಅವಳು ಏದುಸಿರಿನಲ್ಲಿಯೇ ಹೇಳಿದಳು. "ನಿಮಗ ಕೇಳಸ್ಲಿ ಅಂತ್ರಿ ಸರ."

ವಿಭಾಗಕ್ಕೆ ಅವಳ ಹೆಸರು ಬರೆದುಕೊಂಡರು. ಮೈಲಾರಿ ಫೋನಿನಲ್ಲಿ, ಅಂಗಿ ಹೊಲಿಯುವ ಮಾತು ಸದ್ಯಕ್ಕೆ ಬೇಡ ಎಂದ. ಮಾಸ್ತರರು ಪೇಢೆ ತಂದರು. ಎಲ್ಲರೂ ನನಗೆ, ಈಗಾರ ನಗಬೇ ಶೇಖವ್ವ ಎಂದರು. ಶ್ರಾವಣದಲ್ಲಿ ಮೊದಲು ಬಂದವಳು ಇವಳೇ, ಆ ಮೊದಲನೆಯದನ್ನು ಯಾರೂ ತಿರುಗಿ ಕೊಡಲಿಲ್ಲ, ನಾನೇಕೆ ನಗಲಿ?

ಬಸ್ಸಿನಲ್ಲಿ ಅವಳ ಬಲಗೈ ನನ್ನ ತೊಡೆಯ ಮೇಲಿತ್ತು. ಅಂಗೈ ಕೆಂಪಗೆ ಬಾತಿತ್ತು.

"ಸಮಾಧಾನ ಆತೇನು ಆಯಿ?"

"ಇಲ್ಲ."

"ನನಗೂ ಇಲ್ಲ."

ಹಾನಗಲ್ಲಿನಲ್ಲಿ ಇಳಿಯುವಾಗ ಹೇಳಿದಳು. "ವಿಭಾಗದ ಕೊಳ ಇದಕ್ಕಿಂತ ಎರಡ ಪಟ್ಟು ಉದ್ದ ಐತಂತ ಆಯಿ. ಹೊಳ್ಳಾಕ ಗ್ವಾಡಿ ಒಂದ ಸಲ ಸಿಗತೈತಿ, ಅಷ್ಟ."

"ಒಂದ ಸಲ ಸಿಗಲಿ," ಎಂದೆ. "ಸರೀಗಿ ಒದಿ."